ದೂಧಸಾಗರಕ್ಕೆ ಹೊರಟೀರಾ? ಹಳಿ ಹಿಡಿಯೋ ಮುನ್ನ ಇದನ್ನೊಮ್ಮೆ ಓದಿ

ಅಳ್ನಾವರ: ಮಳೆ ಹಿಡಿದು ಎರಡು ವಾರ ಆಯ್ತು. ಪೇಟೆಯಲ್ಲಿ ಗಿರಾಕಿ ಕಡಿಮೆ. ಮಧ್ಯಾಹ್ನ ಮೂರು ಗಂಟೆಗೆಲ್ಲ ಅಂಗಡಿ ಕಟ್ಟೆ ಮೇಲೆ ಚಹಾ, ಗಿರಮಿಟ್ಟಿನ ಜೊತೆ ಒಂದೇ ಮಾತು: "ಈ ರವಿವಾರ ಗೋವಾ ಕಡೆ ಹೋಗೋಣ್ರೀ, ದೂಧಸಾಗರ ತುಂಬಿ ಹರಿಯಾಕತ್ತೈತಂತ." ಮೊಬೈಲ್‌ನಲ್ಲಿ ಯಾರೋ ಕಳಿಸಿದ ವಿಡಿಯೊ ಬೇರೆ. ಹಾಲಿನಂತೆ ಬಿಳಿ ನೀರು, ನಡುವೆ ಸೇತುವೆ, ಸೇತುವೆ ಮೇಲೆ ರೈಲು. ಹುಡುಗರು ಆಗಲೇ ಬ್ಯಾಗ್ ಕಟ್ಟಿರ್ತಾರೆ.

ಹೋಗಬಾರದು ಅಂತ ಹೇಳೋಕೆ ಈ ಬರಹ ಅಲ್ಲ. ನಮ್ಮ ಮನೆ ಬಾಗಿಲಲ್ಲೇ ಇರೋ ಇಂಥ ಜಾಗವನ್ನ ನಾವು ನೋಡದೆ ಇನ್ಯಾರು ನೋಡಬೇಕು? ಆದರೆ ಯಾವ ತಿಂಗಳಲ್ಲಿ ಯಾವ ದಾರಿಯಿಂದ ಹೋಗಬೇಕು ಅನ್ನೋದು ಗೊತ್ತಿಲ್ಲದೆ ಪ್ರತಿ ಮಳೆಗಾಲ ನಮ್ಮ ಕಡೆಯವರು ಅರ್ಧ ದಾರಿಯಿಂದ ವಾಪಸ್ ಬರ್ತಾರೆ, ಕೆಲವರು ದಂಡ ಕಟ್ಟಿ ಬರ್ತಾರೆ. ಒಬ್ಬಿಬ್ಬರು ವಾಪಸ್ ಬರೋದೇ ಇಲ್ಲ.

ಗೋವಾ ಅಂದ್ರೆ ಬರೀ ಬೀಚ್ ಅಲ್ಲ

ಗೋವಾದ ಒಟ್ಟು ವಿಸ್ತೀರ್ಣ 3,702 ಚದರ ಕಿ.ಮೀ. ನಮ್ಮ ಧಾರವಾಡ ಜಿಲ್ಲೆಗಿಂತ ಚಿಕ್ಕದು. ಅಷ್ಟರಲ್ಲೇ ಸುಮಾರು ಶೇ 60ರಷ್ಟು ಜಾಗದಲ್ಲಿ ಮರಗಿಡ ದಟ್ಟವಾಗಿದೆ ಅಂತ ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಗಳು ಹೇಳ್ತವೆ. ಗೋಡಂಬಿ ತೋಟ, ತೆಂಗಿನ ತೋಟ ಎಲ್ಲ ಆ ಲೆಕ್ಕದಲ್ಲಿ ಸೇರಿರೋದು ನಿಜ. ಆದರೂ ಪೂರ್ವಕ್ಕೆ, ಅಂದ್ರೆ ನಮ್ಮ ಕಡೆಗೆ, ಬಂದಷ್ಟೂ ಸಿಗೋದು ಅಸಲಿ ಕಾಡು. ಉತ್ತರದಿಂದ ದಕ್ಷಿಣಕ್ಕೆ ಮ್ಹಾದೇಯಿ, ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಅದರೊಳಗಿನ ಮೊಲ್ಲೆಂ ರಾಷ್ಟ್ರೀಯ ಉದ್ಯಾನ, ನೇತ್ರಾವಳಿ, ಕೋಟಿಗಾಂವ್. ಒಂದಕ್ಕೊಂದು ಅಂಟಿಕೊಂಡಂತೆ ಘಟ್ಟದ ಉದ್ದಕ್ಕೂ ನಿಂತಿವೆ. ಇತ್ತ ನಮ್ಮ ಭೀಮಗಡ, ದಾಂಡೇಲಿ-ಅಣಶಿ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಾಜ್ಯದ ಗಡಿ ಇರೋದು ನಮಗೆ. ಹುಲಿಗೆ, ಕಾಡುಕೋಣಕ್ಕೆ ಇದು ಒಂದೇ ಕಾಡು. ಗೋವಾದ ರಾಜ್ಯಪ್ರಾಣಿಯೂ ಕಾಡುಕೋಣವೇ.

ಅಲ್ಲಿ ಅರಣ್ಯ ಸಿಬ್ಬಂದಿ ಬಿಗಿ ಮಾಡ್ತಾರೆ ಅಂತ ನಮ್ಮವರು ಬೈಕೊಳ್ತಾರಲ್ಲ, ಅದಕ್ಕೆ ಕಾರಣ ಇದೆ. 2020ರ ಜನವರಿಯಲ್ಲಿ ಮ್ಹಾದೇಯಿ ಅಭಯಾರಣ್ಯದಲ್ಲಿ ನಾಲ್ಕು ಹುಲಿ ವಿಷಪ್ರಾಶನದಿಂದ ಸತ್ತವು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್–ಕುಲೆಂ ಜೋಡಿ ಹಳಿ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನೇ ರದ್ದು ಮಾಡಿತು. ಒಂದು ರೈಲು ಹಳಿ ಹೆಚ್ಚಿಗೆ ಹಾಕೋಕೂ ದೆಹಲಿಯವರೆಗೆ ಹೋಗಬೇಕಾದ ಕಾಡು ಅದು. ನಾವು ಬೈಕ್ ನಿಲ್ಲಿಸಿ ಮನಸ್ಸಿಗೆ ಬಂದಲ್ಲಿ ಒಳಗೆ ನುಗ್ಗಿದರೆ ಬಿಡ್ತಾರಾ?

ಮಳೆಗಾಲದಲ್ಲಿ ರೈಲಿನ ಕಿಟಕಿಯೇ ದಾರಿ

ದೂಧಸಾಗರದ ಎತ್ತರ ಸುಮಾರು 310 ಮೀಟರ್. ಜೋಗಕ್ಕಿಂತ ಹೆಚ್ಚು. ಜೋಗ 253 ಮೀಟರ್. ಆದರೆ ಜೋಗದ ರಾಜಾ ಒಂದೇ ಉಸಿರಿಗೆ ಧುಮುಕ್ತಾನೆ, ಇದು ಹಂತ ಹಂತವಾಗಿ ಬಂಡೆ ಸವರಿಕೊಂಡು ಇಳಿಯುತ್ತದೆ. ಹಾಗಾಗಿಯೇ ಹಾಲಿನ ಬಣ್ಣ. ಜಲಪಾತದ ನಡುಮಟ್ಟದಲ್ಲಿ ರೈಲು ಸೇತುವೆ. 2013ರಲ್ಲಿ 'ಚೆನ್ನೈ ಎಕ್ಸ್‌ಪ್ರೆಸ್' ಸಿನಿಮಾದಲ್ಲಿ ಆ ಸೇತುವೆ ತೋರಿಸಿದ ಮೇಲಂತೂ ಜನಕ್ಕೆ ಹುಚ್ಚೇ ಹಿಡಿದು ಹೋಯ್ತು.

ಹುಬ್ಬಳ್ಳಿ, ಧಾರವಾಡ, ಲೋಂಡಾ ಮೂಲಕ ವಾಸ್ಕೊ ಕಡೆ ಹೋಗೋ ರೈಲುಗಳೆಲ್ಲ ಈ ಸೇತುವೆ ಮೇಲೆಯೇ ಹಾಯ್ತವೆ. ಲೋಂಡಾ ಬಿಟ್ಟ ಮೇಲೆ ಜೊಯಿಡಾ ತಾಲೂಕಿನ ಕ್ಯಾಸಲ್‌ರಾಕ್. ಪೋರ್ಚುಗೀಸರ ಕಾಲದಲ್ಲಿ ಅದು ಗಡಿ ಸ್ಟೇಷನ್, ಪ್ರಯಾಣಿಕರ ಸಾಮಾನು ತಪಾಸಣೆ ಮಾಡ್ತಿದ್ದ ಜಾಗ. ಅಲ್ಲಿಂದ ಕುಲೆಂವರೆಗೆ ಸುಮಾರು 26 ಕಿ.ಮೀ. ಬ್ರಗಾಂಜಾ ಘಾಟ್. 1880ರ ದಶಕದಲ್ಲಿ ಹಾಕಿದ ದಾರಿ. ಪ್ರತಿ 37 ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಏರು, ರೈಲಿಗೆ ಇದು ಭಾರೀ ಕಡಿದು. ಅದಕ್ಕೇ ಘಾಟ್ ಹತ್ತೋ ಗಾಡಿಗಳಿಗೆ ಹೆಚ್ಚುವರಿ ಇಂಜಿನ್ ಜೋಡಿಸ್ತಾರೆ. ಇಳಿಯೋ ಗಾಡಿ ಬ್ರೇಕ್ ಹಿಡಿದುಕೊಂಡು ಮೆಲ್ಲಗೆ ಇಳೀತದೆ. ನಮಗೆ ಅದೇ ಲಾಭ. ಜಲಪಾತ ಕಣ್ತುಂಬ ನೋಡೋಕೆ ಸಮಯ ಸಿಗ್ತದೆ. ಯಾವ ಕಿಟಕಿ ಕಡೆ ಕೂರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ, ಸುರಂಗ ದಾಟಿದ ಕೂಡಲೇ ಬೋಗಿಯ ಮಂದಿಯೆಲ್ಲ ಕೂಗ್ತಾ ಒಂದೇ ಕಡೆ ಓಡ್ತಾರೆ.

ಆ ಓಡಾಟದಲ್ಲೇ ಎಚ್ಚರ ಬೇಕು. ಬಾಗಿಲಲ್ಲಿ ನೇತಾಡಿ ಸೆಲ್ಫಿ ತೆಗೆಯೋರಿಗೆ ಮುಂದಿನ ಸುರಂಗದ ಗೋಡೆ ಎಷ್ಟು ಹತ್ತಿರ ಇದೆ ಅನ್ನೋದು ಕಾಣೋದಿಲ್ಲ.

ಸಂಜೆ ಕುಲೆಂ ಅಥವಾ ಮಡಗಾಂವ್‌ವರೆಗೆ ಹೋಗಿ, ಊಟ ಮಾಡಿ, ಮುಂದಿನ ಗಾಡಿಗೆ ವಾಪಸ್ ಬಂದರೆ ಜಲಪಾತ ಎರಡು ಸಲ ನೋಡಿದ ಹಾಗಾಯ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳು, ಹಿರಿಯರು ಇರೋ ಮನೆಯವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. "ಬರೇ ರೈಲಿನಾಗ ಕೂತು ನೋಡೋದೇನ್ರೀ?" ಅಂತ ಹುಡುಗರು ಮೂಗು ಮುರೀತಾರೆ, ಮುರೀಲಿ.

ಹಳಿ ಮೇಲಿನ ಚಾರಣ ಯಾಕೆ ಬಂದ್?

ಹಿಂದೆ ಕ್ಯಾಸಲ್‌ರಾಕ್‌ನಲ್ಲೋ ಕುಲೆಂನಲ್ಲೋ ಇಳಿದು ಹಳಿಗುಂಟ ನಡೆದು ಜಲಪಾತ ಸೇರೋದು ರೂಢಿಯೇ ಆಗಿತ್ತು. "ನಾವು ಕಾಲೇಜಿನಾಗ ಇದ್ದಾಗ ಹೋಗೇವಿ, ಏನೂ ಆಗಿಲ್ಲ" ಅಂತ ಈಗಲೂ ಅಪ್ಪಂದಿರೇ ಮಕ್ಕಳಿಗೆ ಹೇಳ್ತಾರೆ. ಕಾಲ ಬದಲಾಗಿದೆ. 2023ರ ಜುಲೈ ತಿಂಗಳ ಒಂದು ರವಿವಾರ ನೂರಾರು ಚಾರಣಿಗರು ಹಳಿ ಮೇಲೆ ಹೊರಟಾಗ ಪೊಲೀಸರು ತಡೆದು ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಓಡಾಡಿತು. ಬಸ್ಕಿ ಹೊಡೆಸಿದ್ದು ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ಆಗ ನೈಋತ್ಯ ರೈಲ್ವೆ ಹೇಳಿದ್ದು ಇಷ್ಟು: ಜಲಪಾತವನ್ನ ಬೋಗಿಯೊಳಗೆ ಕೂತು ನೋಡಿ, ಹಳಿ ಮೇಲೆ ನಡೀಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿ ಮೇಲೆ ಅಕ್ರಮವಾಗಿ ಹೋದವರಿಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದಂಡ ಸಾವಿರ ರೂಪಾಯಿ ಅಷ್ಟೇ ತಾನೆ ಅನ್ನಿಸಬಹುದು. ಅಪಾಯ ಬೇರೆ ಇದೆ. ಘಾಟ್‌ನಲ್ಲಿ ಹಳಿಯ ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ರೈಲು ಬಂದರೆ ಸರಿಯೋಕೆ ಜಾಗ ಇರೋದಿಲ್ಲ. ಮಳೆಗಾಲದಲ್ಲಿ ಮಂಜು ಕವಿದು ಇಪ್ಪತ್ತು ಹೆಜ್ಜೆ ಮುಂದೆ ಕಾಣದ ಹೊತ್ತು ಇರ್ತದೆ. ಜಲಪಾತದ ಹತ್ತಿರ ನೀರಿನ ಸದ್ದಿಗೆ ಹಾರ್ನ್ ಕೇಳೋದಿಲ್ಲ. ಇಳಿಜಾರಲ್ಲಿ ಬರೋ ಗೂಡ್ಸ್ ಗಾಡಿ, ಚಾಲಕ ನಿಮ್ಮನ್ನ ಕಂಡ ಕೂಡಲೇ ನಿಲ್ಲೋದಿಲ್ಲ. ಮೇಲಿನಿಂದ ಗುಡ್ಡ ಜರಿದು ಹಳಿ ಮುಚ್ಚೋದು ಬೇರೆ. ಕಾಲು ಉಳುಕಿ ಬಿದ್ದರೆ? ಮೊಬೈಲ್‌ಗೆ ನೆಟ್‌ವರ್ಕ್ ಸಿಗೋದು ಕಷ್ಟ, ಆಂಬುಲೆನ್ಸ್ ಬರೋ ರಸ್ತೆಯೇ ಇಲ್ಲ. ಹೊತ್ತುಕೊಂಡು ಬರಬೇಕು, ಅದೂ ಅದೇ ಹಳಿ ಮೇಲೆ.

ಜಾಲತಾಣಗಳಲ್ಲಿ "ದೂಧಸಾಗರ ಮಾನ್ಸೂನ್ ಟ್ರೆಕ್" ಅಂತ ಜಾಹೀರಾತು ಹಾಕಿ ಮುಂಗಡ ತಗೊಳ್ಳೋರು ಈಗಲೂ ಇದ್ದಾರೆ. ಹಣ ಕಟ್ಟೋ ಮೊದಲು ಒಂದೇ ಪ್ರಶ್ನೆ ಕೇಳಿ: ಅರಣ್ಯ ಇಲಾಖೆ ಅನುಮತಿ ಪತ್ರ ಇದೆಯಾ, ದಾರಿ ಯಾವುದು? ಉತ್ತರದಲ್ಲಿ ತಡವರಿಸಿದರೆ ಅಲ್ಲಿಗೇ ಬಿಡಿ.

ಬಿಸಿಲಿದ್ದರೂ ನೀರು ಬರ್ತದೆ

ಈ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಜೀವ ಹೋಗೋದು ಹೆಚ್ಚಾಗಿ ಇಲ್ಲೇ.

ನಾವು ಬಯಲುಸೀಮೆಯ ಅಂಚಿನವರು. ಹಳ್ಳ ಏರಬೇಕಾದರೆ ಮೊದಲು ಇಲ್ಲಿ ಮಳೆ ಬೀಳಬೇಕು ಅನ್ನೋದು ನಮ್ಮ ಲೆಕ್ಕ. ಗೋವಾ ಬದಿಯ ಘಟ್ಟದ ಬುಡದಲ್ಲಿ ಆ ಲೆಕ್ಕ ತಪ್ಪುತ್ತದೆ. ಅಲ್ಲಿನ ಜಲಪಾತಗಳಿಗೆ ಬರೋ ನೀರಿನ ಬಹುಪಾಲು ಘಟ್ಟದ ಮೇಲೆ, ಅಂದ್ರೆ ಖಾನಾಪುರ, ಜೊಯಿಡಾ ಕಡೆಯ ಕಾಡಿನಲ್ಲಿ ಬಿದ್ದ ಮಳೆ. ಮಹಾದಾಯಿ ಹುಟ್ಟೋದೇ ಖಾನಾಪುರ ತಾಲೂಕಿನಲ್ಲಿ, ಗೋವಾಕ್ಕೆ ಇಳಿದ ಮೇಲೆ ಅದು ಮಾಂಡೋವಿ. ಕಳಸಾ-ಬಂಡೂರಿ ಹೋರಾಟ ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ. ದೂಧಸಾಗರದ ನೀರೂ ಕೊನೆಗೆ ಸೇರೋದು ಅದೇ ಮಾಂಡೋವಿಗೆ.

ಮೇಲೆ ಒಂದು ತಾಸು ಜೋರು ಮಳೆಯಾದರೆ ಕಡಿದಾದ ಗುಡ್ಡದಿಂದ ಆ ನೀರು ಇಳಿಯೋಕೆ ಹೆಚ್ಚು ಹೊತ್ತು ಬೇಡ. ಕೆಳಗೆ ಗುಂಡಿಯಲ್ಲಿ ಈಜೋರ ತಲೆ ಮೇಲೆ ಬಿಸಿಲು ಇರ್ತದೆ. ಮೊದಲು ನೀರಿನ ಬಣ್ಣ ಬದಲಾಗ್ತದೆ, ತಿಳಿ ಇದ್ದದ್ದು ಕೆಂಪಾಗ್ತದೆ. ಎಲೆ, ಕಡ್ಡಿ, ನೊರೆ ತೇಲಿ ಬರ್ತವೆ. ಜಲಪಾತದ ಸದ್ದು ದಪ್ಪ ಆಗ್ತದೆ. ಇಷ್ಟರಲ್ಲಿ ಯಾವುದು ಕಂಡರೂ ಚಪ್ಪಲಿ, ಬಟ್ಟೆ, ಮೊಬೈಲ್ ಹುಡುಕದೆ ಮೇಲಕ್ಕೆ ಹತ್ತಬೇಕು. ಅಕ್ಕಪಕ್ಕ ಅಲ್ಲ, ಮೇಲಕ್ಕೆ.

2024ರ ಜುಲೈನಲ್ಲಿ ಸತ್ತರಿ ತಾಲೂಕಿನ ಪಾಳಿ ಜಲಪಾತದಲ್ಲಿ ಆಗಿದ್ದು ಇದೇ. ರವಿವಾರ ಅಂತ ನೋಡೋಕೆ ಹೋಗಿದ್ದವರು ಹಳ್ಳ ದಾಟಿ ಒಳಗೆ ಇದ್ದರು. ನೀರು ಏರಿ ವಾಪಸ್ ಬರೋ ದಾರಿ ಕಟ್ ಆಯ್ತು. 80ಕ್ಕೂ ಹೆಚ್ಚು ಮಂದಿಯನ್ನ ಪೊಲೀಸರು, ಅಗ್ನಿಶಾಮಕ ದಳದವರು ಹಗ್ಗ ಕಟ್ಟಿ ಈಚೆ ತಂದರು. ಅದರ ಹಿಂದಿನ ವರ್ಷ, 2023ರ ಜುಲೈನಲ್ಲಿ, ನೇತ್ರಾವಳಿ ಅಭಯಾರಣ್ಯದ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ಗೋವಾ ಅರಣ್ಯ ಇಲಾಖೆ ಕಾಡಿನೊಳಗಿನ ಜಲಪಾತಗಳಿಗೆ ಪ್ರವೇಶವನ್ನೇ ನಿಲ್ಲಿಸಿತ್ತು.

ಈಜು ಬರ್ತದೆ ಅನ್ನೋ ಧೈರ್ಯ ಜಲಪಾತದ ಗುಂಡಿಯಲ್ಲಿ ಕೆಲಸಕ್ಕೆ ಬರೋದಿಲ್ಲ. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ ಸುತ್ತಿ ಮತ್ತೆ ಅದೇ ಜಾಗಕ್ಕೆ ಬರ್ತದೆ, ಮನುಷ್ಯನನ್ನೂ ಹಾಗೇ ತಿರುಗಿಸ್ತದೆ. ನೊರೆ ತುಂಬಿದ ನೀರಲ್ಲಿ ಗಾಳಿಯೇ ಹೆಚ್ಚು, ಮೈ ತೇಲೋದಿಲ್ಲ. ಕಲ್ಲಿನ ಮೇಲೆ ಪಾಚಿ. ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಈ ನೀರಿನ ಪರಿಚಯ ಇರೋದಿಲ್ಲ. ಮಳೆಗಾಲ ಬಂದರೆ ಗೋವಾದ ಜಿಲ್ಲಾಧಿಕಾರಿಗಳು ಜಲಪಾತ, ನದಿ, ಪಾಳು ಬಿದ್ದ ಕಲ್ಲು ಕ್ವಾರಿಗಳಲ್ಲಿ ಈಜೋದನ್ನ ನಿಷೇಧಿಸಿ ಆದೇಶ ಹೊರಡಿಸ್ತಾರೆ. ಮೀರಿದರೆ ಕೇಸ್.

ಅಕ್ಟೋಬರ್ ಮೇಲೆ ಜೀಪ್

ಜಲಪಾತದ ಬುಡಕ್ಕೇ ಹೋಗಬೇಕು ಅನ್ನೋರು ಅಕ್ಟೋಬರ್‌ವರೆಗೆ ಕಾಯಬೇಕು. ಆಗ ಕುಲೆಂನಿಂದ ಜೀಪ್ ಶುರು ಆಗ್ತವೆ, ಮೇ ತಿಂಗಳವರೆಗೆ ಓಡ್ತವೆ. ಸ್ವಂತ ಕಾರು, ಬೈಕ್ ಒಳಗೆ ಬಿಡೋದಿಲ್ಲ. ಕಾಡಿನ ಮಣ್ಣು ದಾರಿ, ನಡುವೆ ಹಳ್ಳ ದಾಟಬೇಕು, ನೀರು ಜೀಪಿನ ಚಕ್ರ ಮುಚ್ಚುವಷ್ಟು ಇರ್ತದೆ. ಕೊನೆಗೆ ಸ್ವಲ್ಪ ದೂರ ಕಲ್ಲು-ಬಂಡೆ ಮೇಲೆ ನಡಿಗೆ. ಮೊಣಕಾಲು ನೋವಿನವರು ಇದನ್ನ ಮೊದಲೇ ಯೋಚಿಸಿ. ಲೈಫ್ ಜಾಕೆಟ್ ಕೊಡ್ತಾರೆ, ಅಲ್ಲಿ ಜೀವರಕ್ಷಕರೂ ಇರ್ತಾರೆ.

ಒಂದು ಜೀಪಿಗೆ 7 ಮಂದಿ. ಐದು ಜನ ಹೋದರೆ ಇನ್ನಿಬ್ಬರು ಸೇರೋವರೆಗೆ ಕಾಯಬೇಕು, ಇಲ್ಲ ಏಳು ಸೀಟಿನ ದುಡ್ಡು ಕೊಡಬೇಕು. ದಿನಕ್ಕೆ ಇಷ್ಟೇ ಜೀಪ್ ಅಂತ ಮಿತಿ ಇದೆ. ಡಿಸೆಂಬರ್ ಕೊನೆ ವಾರ, ದೀಪಾವಳಿ ರಜೆಯಲ್ಲಿ ಹತ್ತು ಗಂಟೆಗೆ ಹೋದವರು ಚೀಟಿ ಸಿಗದೆ ವಾಪಸ್ ಬಂದಿದ್ದು ಇದೆ. ಇಲ್ಲಿ ನಮ್ಮ ಅಂಗಡಿಕಾರರಿಗೆ ಒಂದು ಅನುಕೂಲ. ವಾರದ ರಜೆ ನಡು ದಿನ ಬಂದರೆ ಆ ದಿನವೇ ಹೊರಡಿ, ಶನಿವಾರ-ರವಿವಾರದ ಅರ್ಧದಷ್ಟೂ ಜನ ಇರೋದಿಲ್ಲ. ನಸುಕಿನಲ್ಲೇ ಬಿಟ್ಟು, ರಾಮನಗರ, ಅನಮೋಡ ದಾಟಿ ಮೊಲ್ಲೆಂ, ಅಲ್ಲಿಂದ ಕುಲೆಂ. ಮಳೆ ಜೋರಿದ್ದ ವರ್ಷ ಅನಮೋಡ ಘಾಟ್ ರಸ್ತೆ ಕುಸಿದು ಭಾರೀ ವಾಹನ ನಿಲ್ಲಿಸೋದುಂಟು, ಹೊರಡೋ ಮುನ್ನ ರಾಮನಗರದಲ್ಲಿ ಯಾರಿಗಾದರೂ ಫೋನ್ ಮಾಡಿ ವಿಚಾರಿಸಿ.

ಜಲಪಾತದ ಹತ್ತಿರ ಮಂಗಗಳ ಕಾಟ ಬಹಳ. ಚಿಪ್ಸ್ ಪೊಟ್ಟಣ ಕಂಡರೆ ಕೈಯಿಂದಲೇ ಕಸಿದುಕೊಳ್ತವೆ. ತಿನ್ನೋಕೆ ಕೊಡಲೇಬೇಡಿ.

ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಕಂಡ ಈ ಜ್ವರ 2015ರ ಹೊತ್ತಿಗೆ ಗೋವಾದ ಸತ್ತರಿಯಲ್ಲೂ ಕಾಣಿಸಿಕೊಂಡಿತು, ಗೋಡಂಬಿ ತೋಟದ ಕೆಲಸಗಾರರಲ್ಲಿ. ಹರಡೋದು ಕಾಡಿನ ಉಣ್ಣೆಗಳಿಂದ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದ್ರೆ ಜೀಪಿನ ಕಾಲವೇ. ಗಾಬರಿ ಬೇಡ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ, ಒಣ ಎಲೆ ರಾಶಿ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ ಮಾಡಿ ಮೈ ನೋಡಿಕೊಳ್ಳಿ. ವಾರ-ಹತ್ತು ದಿನದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ. ಅವರಿಗೆ ಆ ಒಂದು ಮಾತು ಸಾಕು.

ಜನಜಂಗುಳಿ ಬೇಡ ಅನ್ನೋರಿಗೆ

ಮೊಲ್ಲೆಂನಿಂದ ಸ್ವಲ್ಪ ಒಳಗೆ ತಾಂಬಡಿ ಸುರ್ಲಾ. ಕಾಡಿನ ನಡುವೆ ಕಪ್ಪು ಕಲ್ಲಿನ ಮಹಾದೇವ ಗುಡಿ, ಗೋವಾ ಕದಂಬರ ಕಾಲದ್ದು, ಸುಮಾರು 12ನೇ ಶತಮಾನ. ಪಕ್ಕದಲ್ಲೇ ಹೊಳೆ. ಹಲಸಿಯ ಗುಡಿ ನೋಡಿದವರಿಗೆ ಇದು ನೆಂಟರ ಮನೆಗೆ ಬಂದಂತೆ ಅನ್ನಿಸ್ತದೆ. ಖಾನಾಪುರ ತಾಲೂಕಿನ ಹಲಸಿಗೂ ಗೋವಾ ಕದಂಬರಿಗೂ ಇದ್ದ ನಂಟು ಅಂಥದ್ದು. ದೂಧಸಾಗರಕ್ಕೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನ ನೋಡದೆ ಬರ್ತಾರೆ.

ಕಾರವಾರ ಕಡೆಯಿಂದ ಹೋಗೋರಿಗೆ ಮಾಜಾಳಿ ದಾಟಿದರೆ ಕಾಣಕೋಣ ತಾಲೂಕು, ಹೆದ್ದಾರಿ 66ರಿಂದ ತಿರುಗಿದರೆ ಕೋಟಿಗಾಂವ್ ಅಭಯಾರಣ್ಯ. ಗುರುತು ಹಾಕಿದ ಕಾಲುದಾರಿಗಳಿವೆ, ಮರದ ಮೇಲಿನ ವೀಕ್ಷಣಾ ಗೋಪುರ ಇದೆ. ಪ್ರಾಣಿ ಕಾಣೋದು ಅದೃಷ್ಟ, ಮರ ಕಾಣೋದು ಖಾತ್ರಿ. ಅದೇ ತಾಲೂಕಿನ ಗಾಲ್ಜಿಬಾಗ, ಅಗೋಂದ ದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ. ಬೇಲಿ ಹಾಕಿದ ಮೊಟ್ಟೆ ಗುಂಡಿಗಳ ಹತ್ತಿರ ಟಾರ್ಚ್ ಹಿಡಿದು ಹೋಗಬೇಡಿ. ಹಕ್ಕಿ ನೋಡೋ ಆಸೆ ಇದ್ದರೆ ಪಣಜಿ ಪಕ್ಕದ ರಿಬಂದರ್‌ನಿಂದ ಫೆರಿ ಹತ್ತಿ ಚೋರಾವ್ ದ್ವೀಪ. ಅಲ್ಲಿ ಸಲೀಂ ಅಲಿ ಪಕ್ಷಿಧಾಮ, ಎರಡು ಚದರ ಕಿ.ಮೀ.ಯೂ ಇಲ್ಲದ ಕಾಂಡ್ಲಾ ಕಾಡು.

ಬೀಚ್‌ಗೆ ಇಳಿಯೋದಾದರೆ ಒಂದು ಮಾತು. ಅಲೆಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ಸಮ ಇದ್ದಂತೆ ಕಾಣ್ತದೆ. ಮಕ್ಕಳನ್ನ ಅಲ್ಲೇ ಇಳಿಸೋಣ ಅನ್ನಿಸ್ತದೆ. ಆದರೆ ದಂಡೆಗೆ ಬಂದ ನೀರು ಸಮುದ್ರಕ್ಕೆ ವಾಪಸ್ ಓಡೋ ಕಾಲುವೆ ಅದು. ಎಳೆದುಕೊಂಡು ಹೋಗ್ತದೆ. ಸಿಕ್ಕಿಬಿದ್ದರೆ ದಂಡೆ ಕಡೆಗೆ ನೇರ ಈಜಿ ಸುಸ್ತಾಗಬೇಡಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಕಾಲುವೆಯಿಂದ ಹೊರಬಂದ ಮೇಲೆ ದಂಡೆಗೆ ತಿರುಗಿ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳೀಬೇಕು, ಬರೀ ಕೆಂಪು ಇದ್ದರೆ ಇಳೀಲೇಬಾರದು. ಕತ್ತಲಾದ ಮೇಲೆ ನೀರಿನಲ್ಲಿ ಇರಬೇಡಿ, ಸಂಜೆ ಆರರ ಹೊತ್ತಿಗೆ ಜೀವರಕ್ಷಕರ ಗೋಪುರ ಖಾಲಿ ಆಗ್ತದೆ.

ಇನ್ನು ಬಾಟಲಿ ವಿಚಾರ. ಬೀಚ್‌ನಲ್ಲಿ, ಜಲಪಾತದ ಹತ್ತಿರ ಬಯಲಲ್ಲಿ ಕುಡಿಯೋದು, ಒಲೆ ಹೂಡಿ ಅಡುಗೆ ಮಾಡೋದು, ಬಾಟಲಿ ಒಡೆಯೋದು ಗೋವಾದಲ್ಲಿ ಅಪರಾಧ. 2019ರಲ್ಲೇ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ದಂಡ ಇಟ್ಟಿದ್ದರು, 2025ರಲ್ಲಿ ಅದನ್ನೂ ಏರಿಸಿದರು. ಟೆಂಪೊದಲ್ಲಿ ಗ್ಯಾಸ್, ಪಾತ್ರೆ, ಮಟನ್ ಹಾಕಿಕೊಂಡು ಹೋಗೋ ನಮ್ಮ ಕಡೆಯ ತಂಡಗಳು ಇದನ್ನ ಗಮನಿಸಲಿ. ವಾಪಸ್ ಬರುವಾಗ ಅಗ್ಗ ಅಂತ ತಂದ ಬಾಟಲಿ ಅನಮೋಡ, ಮಾಜಾಳಿ ತಪಾಸಣಾ ಠಾಣೆಯಲ್ಲಿ ಸಿಕ್ಕರೆ ನಮ್ಮ ಅಬಕಾರಿಯವರು ಕೇಸ್ ಹಾಕ್ತಾರೆ, ಗಾಡಿಯೂ ಜಪ್ತಿ ಆಗಬಹುದು. ಬಾಡಿಗೆ ಗಾಡಿ ಆಗಿದ್ದರೆ ಮಾಲೀಕರ ಗತಿ ಯೋಚಿಸಿ.

ಬಾಡಿಗೆ ಬೈಕ್, ಕಾರು ತಗೊಳ್ಳುವಾಗ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಿಳಿ ಫಲಕದ್ದು ಖಾಸಗಿ ಗಾಡಿ, ಪೊಲೀಸರು ಹಿಡಿದರೆ ತೊಂದರೆ ನಿಮಗೇ.

ಈ ಮಳೆಗಾಲದಲ್ಲಿ ಹೊರಡೋರು ಮನೆಯಲ್ಲಿ ಯಾವ ಗಾಡಿ, ಎಲ್ಲಿ ಇಳೀತೀರಿ, ಯಾವಾಗ ವಾಪಸ್ ಅಂತ ಚೀಟಿ ಬರೆದಿಟ್ಟು ಹೋಗಿ. ರೈಲು ವಿಚಾರಣೆಗೆ, ಸಹಾಯಕ್ಕೆ 139. ಪೊಲೀಸ್, ಅಗ್ನಿಶಾಮಕಕ್ಕೆ 112, ಆಂಬುಲೆನ್ಸ್‌ಗೆ 108, ಎರಡೂ ರಾಜ್ಯದಲ್ಲಿ ನಡೀತವೆ. ಘಾಟ್ ಒಳಗೆ ಫೋನ್ ಹತ್ತೋದು ಅನುಮಾನ, ಮನೆಗೆ ಮಾತಾಡೋದಿದ್ದರೆ ಲೋಂಡಾ ಬಿಡೋ ಮೊದಲೇ ಮಾತಾಡಿ ಮುಗಿಸಿ.